ಎಡಗೈಯ ರಾಜನನ್ನು ಕೊರೆದ ಅಕ್ಕೋರು

ಚಿತ್ರದ ಅಕ್ಕೋರ ಹೆಬ್ಬೆರಳಿನ ಉಗುರು ಎರಡು ಹೋಳಾಗಿ ಬೆಳೆಯುತ್ತಿತ್ತು. ಮರ ಕೊರೆಯುವಾಗ ಉಳಿ ಜಾರಿ ಉಗುರಿನ ಬುಡದವರೆಗೂ ಸೀಳಿತ್ತಂತೆ, ಆಮೇಲೆ ಅದು ಕೂಡಿಕೊಳ್ಳಲೇ ಇಲ್ಲ. ಆ ಸೀಳಿನಲ್ಲಿ ಕೂತ ಕಪ್ಪು ಶಾಯಿ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅಂಕೋಲೆಯ ಹೈಸ್ಕೂಲಿನಲ್ಲಿ ನಮ್ಮ ಕಾಗದದ ಮೇಲೆ ಆ ಬೆರಳು ಬಂದು ನಿಂತಿತೆಂದರೆ ನಾವು ಎಳೆದ ಗೆರೆ ತಪ್ಪಿದೆ ಎಂದೇ ಅರ್ಥ. ಅವರು ಬೈಯುತ್ತಿರಲಿಲ್ಲ. ನಾವು ರಬ್ಬರು ತೆಗೆಯುವವರೆಗೂ ಬೆರಳನ್ನು ಅಲ್ಲೇ ಇಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ ನಿಂತಿರುತ್ತಿದ್ದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ಲೆಕ್ಕದ ಅಕ್ಕೋರು, ಕನ್ನಡದ ಅಕ್ಕೋರು ಎಂದು ಎಷ್ಟೋ ಜನ ಬಂದು ಹೋದರು. ಅವರಲ್ಲಿ ಯಾರ ಮುಖವೂ ನನಗೀಗ ಸರಿಯಾಗಿ ನೆನಪಿಲ್ಲ. ಚಿತ್ರದ ಅಕ್ಕೋರು ಮಾತ್ರ ಉಳಿದರು. ತೀರಿಕೊಂಡವರ ಬಗ್ಗೆ ಬರೆಯಲು ಕೂತರೆ ಮನಸ್ಸು ಮೆತ್ತಗಾಗುತ್ತದೆ ಎಂದು ಹೇಳುವವರಿದ್ದಾರೆ. ನನಗೇನೂ ಹಾಗೆ ಆಗಿಲ್ಲ. ಅವರನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಅದು ಅವರ ಮೇಲಿನ ಸಿಟ್ಟಲ್ಲ. ಯಾರ ಮೇಲೆ, ಯಾಕೆ ಎನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಕಾರವಾರ ಬಂದರಿನ ಪಕ್ಕದ ಬೈತಖೋಲದ ಮೀನುಗಾರರ ಮನೆಯವರು. ಅಪ್ಪ ದೋಣಿಗೆ ಹೋಗುತ್ತಿದ್ದರು, ತಾಯಿ ಬುಟ್ಟಿ ಹೊತ್ತು ಕಾರವಾರದ ಕೇರಿಗಳಲ್ಲಿ ಮೀನು ಮಾರುತ್ತಿದ್ದರು. ತಾಯಿ ಮಾರಾಟ ಮುಗಿಸಿ ಬರುವವರೆಗೆ ಹುಡುಗಿ ಕೂರುತ್ತಿದ್ದದ್ದು ಒಂದು ಹಳೆಯ ಪ್ರೆಸ್ಸಿನ ಜಗಲಿಯಲ್ಲಿ. ಅಲ್ಲಿ ಒಬ್ಬ ಮುದುಕರು ನಾಟಕದ ಹ್ಯಾಂಡ್‌ಬಿಲ್ಲುಗಳಿಗೆ ಮರದ ಬ್ಲಾಕು ಕೊರೆಯುತ್ತಿದ್ದರು. ಊರೂರು ತಿರುಗುವ ಕಂಪನಿ ಕಾರವಾರದಲ್ಲಿ ಬಿಡಾರ ಹೂಡಿದಾಗ ಅದರ ದೊಡ್ಡ ನಟ ತನ್ನ ದೊಡ್ಡ ಪಾತ್ರದ ವೇಷ ಹಾಕಿಕೊಂಡು ಬಂದು ಅವರೆದುರು ನಿಲ್ಲುತ್ತಿದ್ದನಂತೆ. ನಗಿಸುವ ಪಾತ್ರದವರನ್ನು ಯಾರೂ ಕೊರೆಸುತ್ತಿರಲಿಲ್ಲ. ಅಳಿಸುವ ಪಾತ್ರವೇ ಆಗಬೇಕು, ಅದನ್ನು ನೋಡಿಯೇ ಜನ ಟಿಕೆಟ್ ತೆಗೆಯುತ್ತಿದ್ದದ್ದು. ಮುಂದೆ ಫೋಟೋದಿಂದ ಮಾಡುವ ಸತುವಿನ ಬ್ಲಾಕು ಬಂದು, ಮರದವನ್ನೆಲ್ಲ ಬಚ್ಚಲೊಲೆಗೆ ಹಾಕತೊಡಗಿದಾಗ, ಅಕ್ಕೋರು ಉಳಿದಷ್ಟನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಮನೆಗೆ ಹೊತ್ತು ತಂದರು. ಮುದುಕರು ತಮ್ಮ ಉಳಿಗಳನ್ನೂ ಕೊಟ್ಟು ಕಳಿಸಿದ್ದರು.

ಆ ಬ್ಲಾಕುಗಳಿಂದ ತೆಗೆದ ಚಿತ್ರಗಳು ನಮ್ಮ ಡ್ರಾಯಿಂಗ್ ಕೋಣೆಯ ಗೋಡೆಯ ತುಂಬ ಇದ್ದವು. ಮಗುವಿನ ಹೆಣವನ್ನು ತೊಡೆಯ ಮೇಲಿಟ್ಟುಕೊಂಡ ರಾಣಿ, ಸುಡುಗಾಡು ಕಾಯಲು ನಿಂತ ಅರಸ, ಸತ್ತ ಮಗನ ಮುಖ ತಡವುತ್ತಿರುವ ಕುರುಡ ತಂದೆ, ವಿಷದ ಬಟ್ಟಲು ಹಿಡಿದ ಹೆಂಗಸು. ಆ ಹೆಂಗಸು ನಿಜವಾಗಿ ಗಂಡಸು. ಕೊರೆದವರು ಅವಳ ಗಂಟಲ ಉಬ್ಬನ್ನು ಮುಚ್ಚಿಡದೆ ಹಾಗೇ ಬಿಟ್ಟಿದ್ದರು. ಬೇರೆ ಶಾಲೆಗಳಲ್ಲಿ ಮಕ್ಕಳು ಹೂಕುಂಡ ನೋಡಿ ಬರೆದರೆ ನಾವು ಇವರನ್ನು ನೋಡಿ ಬರೆಯಬೇಕಿತ್ತು. “ಅಳೋರ ಕಣ್ಣು ಯಾರ್ ಬೇಕಾದ್ರೂ ಬರೀತರು” ಎನ್ನುತ್ತಿದ್ದರು ಅಕ್ಕೋರು. “ಕುತ್ತಿಗೆ ನೋಡು ತಂಗಿ, ಕೈಬೆರಳು ನೋಡು. ಸುಳ್ಳು ಅಳೂದು ಅಲ್ಲೇ ಸಿಕ್ಕಬೀಳೂದು.”

ಕೊರೆಯುವುದನ್ನೂ ಕಲಿಸುತ್ತಿದ್ದರು. ಮರ ಸಿಗುವುದು ಕಷ್ಟ, ಹಾಗಾಗಿ ನಾವು ಮನೆಯಿಂದ ಸವೆದ ಹವಾಯಿ ಚಪ್ಪಲಿ ತರಬೇಕಿತ್ತು. ಅದರ ಅಟ್ಟೆಯ ಮೇಲೆ ಬ್ಲೇಡಿನಿಂದ ಕೊರೆದು, ಶಾಯಿ ಹಚ್ಚಿ, ಕಾಗದ ಇಟ್ಟು, ದೊಡ್ಡ ಕವಡೆಯ ಬೆನ್ನಿನಿಂದ ಉಜ್ಜಿದರೆ ಅಚ್ಚು ಬೀಳುತ್ತಿತ್ತು. ಮೊದಲ ದಿನ ನಾನು ನನ್ನ ಹೆಸರು ಕೊರೆದೆ. ಕಾಗದ ಎತ್ತಿ ನೋಡಿದರೆ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿದ್ದವು. ಬ್ಲಾಕಿನಲ್ಲಿ ಬಲಕ್ಕಿದ್ದದ್ದು ಕಾಗದದಲ್ಲಿ ಎಡಕ್ಕೆ ಬರುತ್ತದೆ. ಅದಕ್ಕೇ ಕೊರೆಯುವಾಗ ಎಲ್ಲವನ್ನೂ ತಿರುಗಿಸಿ ಕೊರೆಯಬೇಕು. ಅಕ್ಕೋರು ತರಗತಿಯಲ್ಲಿ ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಅವತ್ತೇ. “ಇದು ಎಲ್ಲಾರೂ ಒಂದ್ ಸಲ ಮಾಡೂ ತಪ್ಪು. ಎರಡ್ನೇ ಸಲ ಮಾಡ್ದವ್ರು ಈ ಕೆಲಸಕ್ಕೆ ಬರ್ಬಾರ್ದು” ಎಂದರು.

ಅವರು ಯಾವ ಸಿಟ್ಟನ್ನೂ ಬಿಸಾಡುತ್ತಿರಲಿಲ್ಲ, ಅದನ್ನೂ ಹೇಳಬೇಕು. ರವಿಕೆ ಕೆಡಿಸಿದ ದರ್ಜಿಯ ಅಂಗಡಿ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ಒಮ್ಮೆ ಕೈ ಮಾಡಿದರೂ ನಿಲ್ಲಿಸದೇ ಹೋದ ಬಸ್ಸಿನ ಕಂಡಕ್ಟರು ಮುಂದೆ ಎಷ್ಟೇ ನಯವಾಗಿ ಕರೆದರೂ ಆ ಬಸ್ಸು ಹತ್ತುತ್ತಿರಲಿಲ್ಲ. ಅವರ ಡಬ್ಬಿಯ ಹುರಿದ ಬಂಗಡೆಯ ವಾಸನೆಗೆ ಯಾರೋ ಮೂಗು ಮುಚ್ಚಿಕೊಂಡರೆಂದು, ಶಿಕ್ಷಕರ ಕೋಣೆಯಲ್ಲಿ ಊಟ ಮಾಡುವುದನ್ನೇ ಬಿಟ್ಟರು. ನಿವೃತ್ತಿಯಾಗುವವರೆಗೂ ಡ್ರಾಯಿಂಗ್ ಕೋಣೆಯಲ್ಲೇ ಅವರ ಊಟ, ಅಲ್ಲೇ ಎಲೆಯಡಿಕೆಯ ಕವಳ. ನನಗಂತೂ ಇದೆಲ್ಲ ಬಹಳ ಇಷ್ಟವಾಗುತ್ತಿತ್ತು. ಅಗಸೂರಿನ ನಮ್ಮ ಮನೆಯಲ್ಲಿ ಹೆಂಗಸರು ಎಲ್ಲವನ್ನೂ ನುಂಗಿಕೊಂಡು ಇರುವುದನ್ನೇ ನೋಡಿ ಬೆಳೆದವಳು ನಾನು.

ಅಕ್ಕೋರಿಗೆ ಒಬ್ಬ ಅಣ್ಣನಿದ್ದ. ಬೈತಖೋಲದಲ್ಲಿ ಮೀನಿನ ಲಿಲಾವು, ಎಂದರೆ ಹರಾಜು, ಕೂಗುವುದು ಅವನ ಕೆಲಸ. ಟ್ರಾಲರುಗಳ ಎಂಜಿನ್ನಿನ ಸದ್ದಿನ ಮೇಲೆ ಕೇಳಬೇಕಾದ ದನಿ ಅದು, ಆದರೂ ಬೇಕಾದಾಗ ಪಿಸುಮಾತಿಗೆ ಇಳಿಯುತ್ತಿತ್ತು. ಅಂಕೋಲೆಯ ನಾಟಕ ಸಂಘ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿತ್ತು. ಅದರಲ್ಲಿ ತೊಡೆ ಮುರಿದು ರಣಭೂಮಿಯಲ್ಲಿ ಬಿದ್ದ ರಾಜನ ಪಾತ್ರ ಅವನದು. ನಮ್ಮಲ್ಲಿ ಆ ರಾಜನ ಹೆಸರು ಹೇಳುವವರೇ ಕಡಿಮೆ, ‘ಬಿದ್ದ ರಾಜ’ ಎಂದರೆ ಸಾಕು. ಅಣ್ಣ ಎಡಚ. ಊಟವೊಂದು ಬಿಟ್ಟು ಮತ್ತೆಲ್ಲ ಎಡಗೈಯಲ್ಲೇ. ಗದೆಯನ್ನೂ ಎಡಗೈಯಲ್ಲೇ ಹಿಡಿಯುತ್ತಿದ್ದ.

ಎಂಟನೆಯ ತರಗತಿಯಲ್ಲಿದ್ದಾಗ ನಾನು ಅವನ ಬಿದ್ದ ರಾಜನನ್ನು ನೋಡಿದೆ. ಅವನು ಕೂಗಾಡಲಿಲ್ಲ. ಎಡಗೈಯಲ್ಲಿ ಗದೆ ಊರಿ ಏಳಲು ಹೋಗುತ್ತಿದ್ದ, ಕೈ ಜಾರುತ್ತಿತ್ತು, ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿ ಮತ್ತೆ ಊರುತ್ತಿದ್ದ. ಆ ಕಣ್ಣಾಡಿಸುವುದೊಂದು ಸಾಕಿತ್ತು. ಮುಂದಿನ ಚಾಪೆಯಲ್ಲಿ ಕೂತ ಬೈತಖೋಲದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಸೆಗಣಿ ಸಾರಿಸುವುದರಲ್ಲೇ ಆಯುಷ್ಯ ಕಳೆದ ನನ್ನ ಅಜ್ಜಿಯೂ ಅತ್ತಳು.

ಮರುವರ್ಷ ಆ ಪಾತ್ರ ಅವನಿಗೆ ಸಿಗಲಿಲ್ಲ. ಸಂಘಕ್ಕೆ ಹೊಸ ಅಧ್ಯಕ್ಷರು ಬಂದಿದ್ದರು. ಲಾರಿಗಳ ಮಾಲಕರು, ಬಿಳಿ ಅಂಗಿ, ಯಾವಾಗಲೂ ನಗುಮುಖ. ಅವರಿಗೆ ಬಿದ್ದ ರಾಜ ತಾವೇ ಆಗಬೇಕಿತ್ತು. ನೇರವಾಗಿ ಕೇಳಿದ್ದರೆ ಅಣ್ಣ ಬಿಟ್ಟುಕೊಡುತ್ತಿದ್ದನೋ ಏನೋ. ಅವರು ಕೇಳಲಿಲ್ಲ. ಹಿಂದಿನ ವರ್ಷ ನಾಟಕದ ದಿನ ಮಂಟಪದ ಮೇಲೆ ಒಂದು ತೆಂಗಿನ ಗರಿ ಬಿದ್ದಿತ್ತು, ಅದನ್ನೇ ಹಿಡಿದುಕೊಂಡರು. ರಾಜನಾದವನು ಎಡಗೈಯಲ್ಲಿ ಗದೆ ಹಿಡಿಯುವುದು ಅಪಶಕುನ, ಊರಿಗೆ ಒಳ್ಳೆಯದಾಗುವುದಿಲ್ಲ ಎಂದು ಸಭೆಯಲ್ಲಿ ಹೇಳಿದರು. ತೆಂಗಿನ ಮರದಿಂದ ಗರಿಯಲ್ಲದೆ ಮತ್ತೇನು ಬೀಳುತ್ತದೆ ಎಂದು ಯಾರೂ ಕೇಳಲಿಲ್ಲ. ಅಣ್ಣನಿಗೆ ಪರದೆ ಎಳೆಯುವ ಕೆಲಸ ಕೊಟ್ಟರು.

ಅವನು ಅದನ್ನು ಒಪ್ಪಿಕೊಂಡ. ರಂಗದ ವಾಸನೆ ಬಿಟ್ಟು ಇರಲಾರದವನು, ಬೇರೇನು ಮಾಡಿಯಾನು. ಬೈತಖೋಲದಲ್ಲಿ ಲಿಲಾವು ಮುಗಿಸಿ, ಬಸ್ಸು ಹತ್ತಿ ಅಂಕೋಲೆಗೆ ಬಂದು, ಹಗ್ಗ ಹಿಡಿದು ಬದಿಯಲ್ಲಿ ನಿಲ್ಲುತ್ತಿದ್ದ. ಅಧ್ಯಕ್ಷರು ರಂಗದ ಮಧ್ಯದಲ್ಲಿ ಬಿದ್ದುಕೊಂಡು, ಬಲಗೈಯಲ್ಲಿ ಗದೆ ಎತ್ತಿ ಎತ್ತಿ ಕೂಗುತ್ತಿದ್ದರು. ಅವರು ಮಾತು ಮರೆತಾಗ ಬದಿಯಿಂದ ಹೇಳಿಕೊಡುತ್ತಿದ್ದವನೂ ಇವನೇ. ಕೆಲವು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಲಿಲಾವು ಕೂಗುತ್ತ ಕೂಗುತ್ತ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಅಧ್ಯಕ್ಷರು ಮಾತಾಡಿಸಲು ಬೈತಖೋಲಕ್ಕೆ ಬಂದರು. ಆಗ ನಾನು ಕಾಲೇಜಿನಲ್ಲಿದ್ದೆ, ಅಕ್ಕೋರ ಬದಿಯಲ್ಲೇ ಕೂತಿದ್ದೆ. ಅಧ್ಯಕ್ಷರು ಕುರ್ಚಿಯಲ್ಲಿ ಕೂತು, ಕಣ್ಣೊರೆಸಿಕೊಂಡು ಹೇಳಿದರು: “ಅಕ್ಕೋರೇ, ನಿಮ್ಮ ಅಣ್ಣ ಅಂದ್ರೆ ಎಂಥಾ ಮನ್ಷ! ಪರದೆ ಎಳಿಯೂದ್ರಲ್ಲಿ ಅವನ ಸಮ ಯಾರೂ ಇಲ್ಲ. ಸಂಘಕ್ಕೆ ಅಂಥಾ ಪರದೆಯವ ಇನ್ ಸಿಗೂದಿಲ್ಲ.”

ಅಕ್ಕೋರು ತಲೆ ಬಗ್ಗಿಸಿಕೊಂಡು ಕೇಳಿದರು. ಚಹಾ ತರಿಸಿ ಕೊಟ್ಟರು. ಅಧ್ಯಕ್ಷರ ಕಾರು ಹೋದ ಮೇಲೆ ಆ ಕಪ್ಪನ್ನು ತೊಳೆಯಲು ಬಿಡಲಿಲ್ಲ, ತಾವೇ ಎತ್ತಿಕೊಂಡು ಹೋಗಿ ಸಮುದ್ರಕ್ಕೆ ಎಸೆದು ಬಂದರು. “ಪರದೆಯವ ಅಂತೆ” ಎಂದರು. ಅಷ್ಟೇ. ಆಮೇಲೆ ವರ್ಷಗಟ್ಟಲೆ ಆ ಮಾತು ತೆಗೆಯಲಿಲ್ಲ. ಅಧ್ಯಕ್ಷರು ಎದುರಾದರೆ ನಮಸ್ಕಾರ ಎನ್ನುತ್ತಿದ್ದರು, ಅವರ ಲಾರಿಗಳ ಬಗ್ಗೆ ವಿಚಾರಿಸುತ್ತಿದ್ದರು. ದರ್ಜಿಯನ್ನು ಕ್ಷಮಿಸದ ಹೆಂಗಸು ಈ ಮನುಷ್ಯನನ್ನು ಹೇಗೆ ಕ್ಷಮಿಸಿದರು ಎಂದು ನನಗೆ ತಲೆಬುಡ ತಿಳಿಯುತ್ತಿರಲಿಲ್ಲ.

ನಾನು ಓದು ಮುಗಿಸಿ ಕಾರವಾರದಲ್ಲಿ ಒಂದು ಅಂಗಡಿ ಹಾಕಿದೆ. ಲಗ್ನದ ಕಾರ್ಡು, ಬ್ಯಾನರು, ಅಂಗಡಿ ಬೋರ್ಡು, ಕಂಪ್ಯೂಟರಿನಲ್ಲಿ ಮಾಡಿ ಮಷಿನ್ನಿನಲ್ಲಿ ಅಚ್ಚು ಹೊಡೆಯುವ ಕೆಲಸ. ಅಕ್ಕೋರಿಗೆ ನನ್ನ ಮಷಿನ್ನು ಕಂಡರೆ ತಾತ್ಸಾರ, ಆದರೂ ಕಾರವಾರಕ್ಕೆ ಬಂದರೆ ನನ್ನ ಅಂಗಡಿಯಲ್ಲಿ ಕೂತು ಕವಳ ಹಾಕದೆ ಹೋಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅವರು ಊರೂರಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕೊರೆಯುವುದನ್ನು ಕಲಿಸುತ್ತಿದ್ದರು. ಸದಾಶಿವಗಡದಿಂದ ಆಚೆ ಗೋವೆಯವರೂ ಕರೆಸಿಕೊಳ್ಳುತ್ತಿದ್ದರು. ಮರದ ಅಚ್ಚು ಎಂದರೆ ಅಕ್ಕೋರು ಎನ್ನುವಷ್ಟು ಹೆಸರು ಆಗಿತ್ತು. ಆ ಹೆಸರಿನ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಆ ಹೊತ್ತಿಗೆ ಸಂಘ ಅಂಕೋಲೆಯಲ್ಲಿ ತನ್ನದೇ ರಂಗಮಂದಿರ ಕಟ್ಟಿಸಿತು. ಅಧ್ಯಕ್ಷರಿಗೆ ಒಂದು ಆಸೆ ಹುಟ್ಟಿತು. ಹಳೆಯ ಕಾಲದ ನಟರ ಆ ಅಚ್ಚುಗಳನ್ನು ಒಳಗಿನ ಗೋಡೆಗೆ ಸಾಲಾಗಿ ಹಾಕಬೇಕು, ಬಾಗಿಲ ಎದುರಿಗೇ ಎಲ್ಲಕ್ಕಿಂತ ದೊಡ್ಡದಾಗಿ ತಮ್ಮ ಬಿದ್ದ ರಾಜ ಇರಬೇಕು, ಅದನ್ನೂ ಅಕ್ಕೋರೇ ಕೊರೆಯಬೇಕು. ಅಕ್ಕೋರು ಒಂದೇ ಮಾತಿಗೆ ಒಪ್ಪಿದರು. ಏನು ಕೊಡಬೇಕು ಎಂದು ಕೇಳಿದ್ದಕ್ಕೆ, “ಏನೂ ಬ್ಯಾಡ. ಉದ್ಘಾಟನೆ ದಿನ ಚಿತ್ರದ ಮೇಲಿನ ಪರದೆ ನಾನೇ ಎಳೀತೆ” ಎಂದರು. ಅಧ್ಯಕ್ಷರಿಗೆ ಕಣ್ಣಲ್ಲಿ ನೀರೇ ಬಂತು. ನನಗೆ ಮಾತ್ರ ಮೈ ಉರಿಯಿತು. ಅವತ್ತು ಅಕ್ಕೋರೊಡನೆ ಸರಿಯಾಗಿ ಮಾತೂ ಆಡದೆ ಬಸ್ಸು ಹತ್ತಿದೆ.

ಅಧ್ಯಕ್ಷರು ವೇಷ ಹಾಕಿಕೊಂಡು ಅಕ್ಕೋರ ಮನೆಗೆ ಬರತೊಡಗಿದರು. ಬೇಸಿಗೆ. ಕಿರೀಟ, ಎದೆಕವಚ, ಅಂಟಿಸಿದ ಮೀಸೆ, ಬಲಗೈಯಲ್ಲಿ ಗದೆ. ಅಕ್ಕೋರು ಅವರನ್ನು ಹಿಂದಿನ ಅಂಗಳದ ಸಿಮೆಂಟು ನೆಲದ ಮೇಲೆ ಮಲಗಿಸಿದರು. ಮನೆಯೊಳಗೆ ಬೆಳಕು ಸಾಲದು ಎಂದರು, ಫ್ಯಾನು ಹಾಕಿದರೆ ಮೀಸೆ ಹಾರುತ್ತದೆ ಎಂದರು. ಅಧ್ಯಕ್ಷರು ಒಂದು ಚೂರು ಎದ್ದರೆ ಸಾಕು, “ಏಳ್ಬ್ಯಾಡಿ ಅಧ್ಯಕ್ಷರೇ, ನಿಮ್ಮ ತೊಡೆ ಮುರ್ದದೆ” ಎನ್ನುತ್ತಿದ್ದರು. ಅವರು ನೀರು ಕೇಳಿದರೆ, “ರಣಭೂಮಿಲಿ ನೀರು ಯಾರ್ ಕೊಡ್ತರು? ಬಾಯಾರಿಕೆ ಮುಖದಲ್ಲಿ ಕಾಣ್ಲಿ” ಎನ್ನುತ್ತಿದ್ದರು. ನಾನು ಚೌಕಟ್ಟಿನ ಅಳತೆಗೆಂದು ಹೋದವಳು ಅಡುಗೆಮನೆಗೆ ಓಡಿ, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಅದಾದ ಮೇಲೆ ಅಕ್ಕೋರ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಶಿವಣೆ ಮರದ ಹಲಗೆಯ ಮೇಲೆ ಕೊರೆದು ಮುಗಿಸಿದಾಗ ಅಧ್ಯಕ್ಷರನ್ನು ಕರೆಸಿದರು. ಅವತ್ತೂ ನಾನಿದ್ದೆ. ಹಲಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಬಿದ್ದ ರಾಜ, ಕಿರೀಟ, ಮೀಸೆ, ಬಲಗೈಯಲ್ಲಿ ಊರಿದ ಗದೆ. ಬಣ್ಣ ಬಳಿದು ಕಿರೀಟ ಇಟ್ಟ ಮೇಲೆ ರಾಜರ ಮುಖವೆಲ್ಲ ಸುಮಾರಾಗಿ ಒಂದೇ. ಅಧ್ಯಕ್ಷರು ಬಹಳ ಹೊತ್ತು ನೋಡಿದರು.

“ಸರಿ ಇದೆಯಾ ನೋಡಿ” ಎಂದರು ಅಕ್ಕೋರು. “ಆಮೇಲೆ ಹೆಚ್ಚು ಕಮ್ಮಿ ಅಂದ್ರೆ ನಾ ಕೇಳೂದಿಲ್ಲ.”

“ಸಾಕ್ಷಾತ್ ನಾನೇ” ಎಂದರು ಅಧ್ಯಕ್ಷರು.

ಅಚ್ಚು ತೆಗೆದ ಕಾಗದ ತೋರಿಸಿ ಎಂದು ಅವರು ಕೇಳಲಿಲ್ಲ. ಕೇಳುತ್ತಾರೆ ಎಂದು ಅಕ್ಕೋರಿಗೆ ಸ್ವಲ್ಪ ಹೆದರಿಕೆ ಇತ್ತಂತೆ, ಆಮೇಲೆ ಹೇಳಿದರು. ಆಳೆತ್ತರದ ಚಿತ್ರಕ್ಕೆ ಸಾಕಾಗುವ ಹಲಗೆ ಸಿಗದ ಕಾರಣ, ಅಚ್ಚನ್ನು ನನ್ನ ಮಷಿನ್ನಿನಲ್ಲಿ ಬಟ್ಟೆಯ ಮೇಲೆ ದೊಡ್ಡದು ಮಾಡಬೇಕು ಎಂದು ಮಾತಾಗಿತ್ತು. ಅಕ್ಕೋರು ಅಚ್ಚಿನ ಕಾಗದ ಸುತ್ತಿಕೊಂಡು ಅಂಗಡಿಗೆ ತಂದರು. ನಾನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಪರದೆಯ ಮೇಲೆ ನೋಡಿದರೆ ಗದೆ ಎಡಗೈಯಲ್ಲಿದೆ.

“ಅಯ್ಯೋ ಅಕ್ಕೋರೇ, ಉಲ್ಟಾ ಬಂತಲ್ಲ! ನಿಮ್ಮ ಕೈಯಿಂದ ಇದು ಹೇಗಾಯ್ತು? ತಡೀರಿ, ಈಗ ತಿರುಗಿಸಿಬಿಡ್ತೆ” ಎಂದು ಮೌಸಿಗೆ ಕೈ ಹಾಕಿದೆ. ಒಂದು ಒತ್ತಿಗೆ ಆಗುವ ಕೆಲಸ.

“ಕೈ ತೆಗಿ” ಎಂದರು ಅಕ್ಕೋರು. “ಅದನ್ನ ಮುಟ್ಟಿದ್ಯೋ, ನಿನ್ನ ಬೆರಳೇ ಮುರೀತೆ ನೋಡು.”

ನಾನು ಕೈ ತೆಗೆದೆ. ಆಮೇಲೆ ಚಿತ್ರವನ್ನು ಸರಿಯಾಗಿ ನೋಡಿದೆ. ಗದೆಯ ಮೇಲೆ ಜಾರುತ್ತಿರುವ ಬೆರಳುಗಳು, ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸುವಾಗ ತುಸು ತಿರುಗಿದ ಕುತ್ತಿಗೆ. ಅಧ್ಯಕ್ಷರು ಆ ಸಿಮೆಂಟಿನ ಮೇಲೆ ದಿನಗಟ್ಟಲೆ ಬೆಂದಿದ್ದು ಸುಮ್ಮನೆ. ಅಕ್ಕೋರು ಅವರ ಕಡೆ ನೋಡುತ್ತ ನೋಡುತ್ತ ಕೊರೆದಿದ್ದು ಅಣ್ಣನನ್ನು. ಅಕ್ಕೋರು ಕವಳದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚುತ್ತ, “ದೊಡ್ಡದು ಮಾಡು. ಎಷ್ಟು ಆಗ್ತದೋ ಅಷ್ಟು ದೊಡ್ಡದು ಮಾಡು” ಎಂದರು.

ಉದ್ಘಾಟನೆಗೆ ಅಕ್ಕೋರು ಬೈತಖೋಲದಿಂದ ಒಂದು ಟೆಂಪೋ ತುಂಬ ಹೆಂಗಸರನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಭಾಷಣಗಳಾದವು. ಅಕ್ಕೋರು ನೀಲಿ ಸೀರೆ ಉಟ್ಟು ಹೋಗಿ ಹಗ್ಗ ಹಿಡಿದರು. ಅವಸರ ಮಾಡಲಿಲ್ಲ. ಪರದೆ ಸರಿಯಿತು. ಹಿಂದೆಲ್ಲ ಅಣ್ಣನ ಲಿಲಾವಿನಲ್ಲಿ ಮೀನು ಕೊಳ್ಳುತ್ತಿದ್ದ ಒಬ್ಬ ಮುದುಕಿ ಎದ್ದು ನಿಂತಳು.

“ಅಗೋ ಬಾಯೇ, ಇವ ನಮ್ಮ ಎಡಚ ಅಲ್ಲಾ!”

ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಎದ್ದರು. ನಮ್ಮ ಎಡಚ, ನಮ್ಮ ಎಡಚ ಎಂದು ಅಳುವವರು ಅತ್ತರು, ಕೈ ಮುಗಿಯುವವರು ಮುಗಿದರು. ಅಂಕೋಲೆಯ ಹಳಬರಿಗೂ ನೆನಪಾಗತೊಡಗಿತು, ಸಭೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರ ಮುಖ ಕೆಂಪಾಯಿತು. ಆದರೆ ಆ ಮನುಷ್ಯ ಸಭೆ ಆಳುವುದರಲ್ಲಿ ಪಳಗಿದವರು. ಮೈಕು ಹಿಡಿದು ನಕ್ಕರು.

“ನಮ್ಮ ಅಕ್ಕೋರಿಗೆ ವಯಸ್ಸಾಯ್ತು. ಬ್ಲಾಕು ಉಲ್ಟಾ ಬೀಳ್ತದೆ ಅನ್ನೂದನ್ನೇ ಮರ್ತು ಕೊರದಿದ್ದಾರೆ. ಪರವಾಗಿಲ್ಲ, ದೊಡ್ಡೋರ ತಪ್ಪನ್ನ ನಾವು ಕ್ಷಮಿಸೂಣ. ಚಿತ್ರ ಹೀಂಗೇ ಇರ್ಲಿ” ಎಂದರು. ಜನ ಚಪ್ಪಾಳೆ ತಟ್ಟಿದರು. ಅಕ್ಕೋರು ತಪ್ಪಾಯಿತು ಎನ್ನುವ ಹಾಗೆ ಎರಡೂ ಕೈ ಜೋಡಿಸಿ ಕೆಳಗಿಳಿದು ಬಂದರು.

ಹೊರಗೆ ಬಂದ ಮೇಲೆ ನಾನು ಅವರ ಮೇಲೆ ಹರಿಹಾಯ್ದೆ. “ಯಾಕೆ ಸುಮ್ನಿದ್ರಿ? ಬೇಕಂತಲೇ ಕೊರದದ್ದು ಅಂತ ಹೇಳ್ಬಹುದಿತ್ತಲ್ಲ!”

“ತಪ್ಪು ಅಂದ್ರೆ ಅಲ್ಲೇ ಉಳೀತದೆ” ಎಂದರು ಅಕ್ಕೋರು. “ಸೇಡು ಅಂದ್ರೆ ನಾಳೆನೇ ಇಳಸ್ತರು.”

ಚಿತ್ರ ಉಳಿಯಿತು. ಎಲ್ಲರೆದುರು ಇರಲಿ ಎಂದವರಿಗೆ ಮತ್ತೆ ಇಳಿಸಿ ಎನ್ನಲು ಬಾಯಿ ಬರಲಿಲ್ಲ. ಪ್ರತಿ ಸಲ ಆ ಬಾಗಿಲಲ್ಲಿ ಒಳಗೆ ಬಂದಾಗಲೂ ಅಧ್ಯಕ್ಷರಿಗೆ ಎಡಚನೇ ಎದುರಾಗುತ್ತಿದ್ದ. ಬಂದವರಿಗೆಲ್ಲ ಇದು ನಾನು ಎಂದು ಹೇಳಬೇಕು, ಹೇಳಿದ ಮೇಲೆ ಕೈ ಯಾಕೆ ಎಡ ಎಂದು ವಿವರಿಸಬೇಕು. ಬೈತಖೋಲದವರು ಅಂಕೋಲೆಗೆ ಸಂತೆಗೆ ಬಂದರೆ ಒಳಗೆ ಹೋಗಿ ಕೈ ಮುಗಿದು ಬರುತ್ತಿದ್ದರು. ಇದನ್ನು ಕೇಳಿದಾಗಲೆಲ್ಲ ನಾನು ಖುಷಿಯಿಂದ ಕುಣಿಯುತ್ತಿದ್ದೆ.

ಅದರ ಬೆಲೆ ತೆತ್ತದ್ದು ಅಕ್ಕೋರು. ಅಧ್ಯಕ್ಷರು ಹೋದಲ್ಲೆಲ್ಲ ಆ ‘ತಪ್ಪಿನ’ ಕತೆ ಹೇಳುತ್ತಿದ್ದರು, ಹೇಳಲೇಬೇಕಾಗಿತ್ತಲ್ಲ. ಉಲ್ಟಾ ಅಕ್ಕೋರು ಎಂದು ಹೆಸರು ಬಿತ್ತು. ಮಕ್ಕಳಿಗೆ ಕಲಿಸಲು ಕರೆಯುತ್ತಿದ್ದ ಶಾಲೆಗಳು, ಪಾಪ ವಯಸ್ಸಾಯಿತು ಎಂದು ಕರೆಯುವುದನ್ನು ಬಿಟ್ಟವು. ಗೋವೆಯಿಂದ ಯಾರೂ ಬರಲಿಲ್ಲ. ಅವರ ಹತ್ತಿರ ಚಪ್ಪಲಿ ಅಟ್ಟೆಯಲ್ಲಿ ಕೊರೆದು ಕಲಿತವರೇ ಎದುರಿಗೆ ಸಿಕ್ಕಾಗ ತಮಾಷೆ ಮಾಡುತ್ತಿದ್ದರು. ಅಕ್ಕೋರು ನಕ್ಕು ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ಉಳಿಗಳನ್ನು ಮಸೆಯುತ್ತ ಕೂರುತ್ತಿದ್ದರು, ಕೊರೆಯಲು ಕೆಲಸವಿರಲಿಲ್ಲ.

ಹೋದ ಮಳೆಗಾಲದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು. ಕಾರವಾರದ ಆಸ್ಪತ್ರೆಯಲ್ಲಿ ನಾನು ಅವರ ಜೊತೆಗಿದ್ದೆ. ಮೈಯಲ್ಲಿ ಶಕ್ತಿ ಇರಲಿಲ್ಲ, ಮಾತು ಮಾತ್ರ ಮೊದಲಿನ ಹಾಗೆಯೇ ಇತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಚಮಚ ತಡೆದು ನನ್ನನ್ನೇ ನೋಡಿದರು.

“ತಂಗಿ, ನಾ ಉಲ್ಟಾ ಕೊರ್ದವಳಲ್ಲ. ನಿನಗೆ ಗೊತ್ತಲ್ಲ?”

“ಗೊತ್ತು ಅಕ್ಕೋರೇ.”

“ನಾ ಹೋದ್ಮೇಲೆ ಯಾರಿಗಾದ್ರೂ ಒಬ್ರಿಗೆ ಹೇಳು. ಒಬ್ರಿಗೆ ಗೊತ್ತಿದ್ರೆ ಸಾಕು.”

ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಣ್ಣ ಹೋದಾಗಲೂ ಅತ್ತಿರಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿದ ಆ ಬಿದ್ದ ರಾಜನ ಬ್ಲಾಕನ್ನು ಮನೆಯ ಅಟ್ಟದಿಂದ ಇಳಿಸಿಕೊಳ್ಳಲು ಹೇಳಿದರು. ಆ ವಾರ ಕಳೆಯುವುದರೊಳಗೆ ತೀರಿಕೊಂಡರು.

ಶ್ರದ್ಧಾಂಜಲಿ ಸಭೆಯನ್ನು ಸಂಘದವರೇ ರಂಗಮಂದಿರದಲ್ಲಿ ಇಟ್ಟರು. ಅಧ್ಯಕ್ಷತೆ ಯಾರದು ಎಂದು ಹೇಳಬೇಕಾಗಿಲ್ಲ. ಅವರೂ ಮುದುಕರಾಗಿದ್ದರು. ಅಕ್ಕೋರು ದೊಡ್ಡ ಕಲಾವಿದೆ, ಮುಗ್ಧ ಜೀವ ಎಂದರು. ಮುಗ್ಧ ಎಂಬ ಮಾತಿಗೆ ನನಗೆ ನಗು ಬಂತು. ಆಮೇಲೆ ಅವರು ಬಾಗಿಲ ಎದುರಿನ ಗೋಡೆಗೆ ಕೈ ತೋರಿಸಿದರು. “ಕೊನೆಗಾಲದಲ್ಲಿ ಒಂದ್ ತಪ್ಪು ಮಾಡಿದ್ರು. ನಾವ್ಯಾರೂ ಮನಸಿಗೆ ಹಚ್ಕಂಡಿಲ್ಲ. ಅವರನ್ನ ಕ್ಷಮಿಸಿದ್ದೇವೆ” ಎಂದರು.

ನಾನು ಎದ್ದು ನಿಂತೆ.

“ಅಧ್ಯಕ್ಷರೇ, ಕ್ಷಮೆ ಯಾರೂ ಕೇಳಿಲ್ಲ. ಅಕ್ಕೋರು ತಪ್ಪು ಮಾಡ್ಲಿಲ್ಲ. ಅವತ್ತು ನೀವು ಬ್ಲಾಕು ನೋಡಿ ಒಪ್ಪಿದ್ರಿ, ಅಚ್ಚು ನೋಡ್ಲಿಲ್ಲ. ಅವರು ಕೊರ್ದದ್ದು ಅವರ ಅಣ್ಣನ್ನ. ಬೇಕಂತಲೇ ಕೊರ್ದದ್ದು. ನನ್ನ ಅಂಗಡೀಲಿ ಸರಿ ಮಾಡೂಕೆ ಹೋದವಳಿಗೆ ಬೆರಳು ಮುರೀತೆ ಅಂದಿದ್ರು.”

ಸಭೆಯಲ್ಲಿ ಯಾರೋ ಹೌದು ಎಂದರು. ಅಧ್ಯಕ್ಷರು ತಿರುಗಿ ಚಿತ್ರವನ್ನು ನೋಡಿದರು. ಇಷ್ಟು ವರ್ಷ ಅದರ ಕೆಳಗೇ ಓಡಾಡಿದವರು ಮೊದಲ ಸಲ ನೋಡುವವರ ಹಾಗೆ ನೋಡಿದರು. ಮೈಕು ಕೈಯಲ್ಲೇ ಇರುವುದು ಅವರಿಗೆ ಮರೆತುಹೋಗಿತ್ತು.

“ಕೈ ಅವಂದು ಇರ್ಬಹುದು. ಮುಖ ನಂದಲ್ವಾ?”

“ಅಲ್ಲ” ಎಂದೆ.

“ಹಾಂಗಾರೆ ಅದರಲ್ಲಿ ನಾ ಎಲ್ಲಿದ್ದೆ?”

“ನೀವು ಅದರಲ್ಲಿ ಇಲ್ಲ.”

ಅವರು ಕುರ್ಚಿಯ ಹಿಡಿಕೆ ಹುಡುಕಿ ಕೂತರು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ಬದಿಯಿಂದ ಹೇಳಿಕೊಡಲು ಯಾರೂ ಇರಲಿಲ್ಲ. ಅಯ್ಯೋ ಪಾಪ ಎನ್ನಿಸಬೇಕಿತ್ತು ಎಂದು ಆಮೇಲೆ ಕೆಲವರು ನನಗೆ ಹೇಳಿದರು. ನನಗೆ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ಅವರು ಎಡಚನ ಪಾತ್ರ ಕಿತ್ತುಕೊಂಡು, ಅವನನ್ನು ಪರದೆಯವ ಎಂದು ಕರೆದು, ಅವನ ತಂಗಿಯ ಕೈಗೇ ತಪ್ಪು ಹೊರಿಸಿ, ಕೊನೆಗೆ ಕ್ಷಮಿಸಲು ಬಂದವರು.

ಮರುದಿನವೇ ಚಿತ್ರ ಇಳಿಸಿದರು, ಅಕ್ಕೋರು ಹೇಳಿದ ಹಾಗೆಯೇ ಆಯಿತು. ಸಂಘದ ಕೆಲಸವೂ ನನ್ನ ಅಂಗಡಿಗೆ ಬರುವುದು ನಿಂತಿತು, ನಿಲ್ಲಲಿ. ಬ್ಲಾಕು ನನ್ನ ಹತ್ತಿರ ಇದೆ. ಶಾಯಿ ಹಚ್ಚಿ, ಕವಡೆಯ ಬೆನ್ನಿನಿಂದ ಉಜ್ಜಿ, ಹೊಸ ಅಚ್ಚು ತೆಗೆದೆ. ಅಕ್ಕೋರು ತಾವು ಕೊರೆದ ಯಾವುದರ ಮೇಲೂ ಹೆಸರು ಹಾಕಿಕೊಂಡವರಲ್ಲ, ಹಾಗಾಗಿ ಬೇರೊಂದು ಚಿಕ್ಕ ಹಲಗೆಯಲ್ಲಿ ನಾನೇ ಎರಡು ಹೆಸರು ಕೊರೆದೆ, ಪ್ರತಿಯೊಂದು ಅಕ್ಷರವನ್ನೂ ತಿರುಗಿಸಿ. ಕೆಳಗೆ ಪಾತ್ರ ಮಾಡಿದವನದು, ಮೂಲೆಯಲ್ಲಿ ಕೊರೆದವರದು. ಚೌಕಟ್ಟು ಹಾಕಿಸಿ ಬೈತಖೋಲದಲ್ಲಿ ಬಲೆ ರಿಪೇರಿ ಮಾಡುವ ಶೆಡ್ಡಿನ ಗೋಡೆಗೆ ಹೊಡೆದು ಬಂದಿದ್ದೇನೆ. ಅದನ್ನು ಇಳಿಸಲು ಬರುವವರು ಬರಲಿ, ಅಲ್ಲಿಯ ಹೆಂಗಸರು ನೋಡಿಕೊಳ್ಳುತ್ತಾರೆ. ಆ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಬೈತಖೋಲಕ್ಕೆ ಹೋಗಿ, ಚಿತ್ರದ ಎದುರು ನಿಂತು ಓದಿಕೊಂಡು ಬರಲಿ.